ಡಬ್ಬಿಯಲ್ಲಿ ಇಪ್ಪತ್ತಮೂರು ವಾಷರ್

ಮಾರ್ಚ್ ೩, ಸೋಮವಾರ

ಇವತ್ತಿನಿಂದ ಎಲ್ಲವನ್ನೂ ಬರೆದಿಡುತ್ತೇನೆ. ನಾಳೆ ಯಾರಾದರೂ "ನೀನು ಹಾಗೆ ಮಾಡಿರಲಿಲ್ಲ" ಎಂದು ವಾದಕ್ಕೆ ನಿಂತರೆ ತೋರಿಸಲು ನನ್ನ ಕೈಯಲ್ಲೂ ಏನಾದರೂ ಇರಬೇಕು. ಯಾರಾದರೂ ಎಂದರೆ ಭಾವ. ಬರೆಯುವಾಗಲೂ ಸುತ್ತುಬಳಸಿ ಏಕೆ ಹೇಳಲಿ?

ಅಪ್ಪ ಹೋಗಿ ಹತ್ತು ತಿಂಗಳಾಯಿತು. ಕಾರು ರಿಪೇರಿಯ ಶೆಡ್ಡನ್ನು ನಮ್ಮಿಬ್ಬರ ಕೈಗೆ ಬಿಟ್ಟುಹೋದರು. ಎಂಜಿನ್ನಿನ ಕಬ್ಬಿಣದ ಕೆಲಸವೆಲ್ಲ ಭಾವನದು. ವೈರು, ಸೆನ್ಸರು, ಸ್ಕ್ಯಾನರು ನನ್ನದು. ಈ ತಿಂಗಳ ಕೊನೆಗೆ ಶೆಡ್ಡಿನ ಬಾಡಿಗೆ ಕರಾರು ಮುಗಿಯುತ್ತದೆ, ಹೊಸದಕ್ಕೆ ಇಬ್ಬರ ಸಹಿಯೂ ಬೇಕು. ಭಾವ ಆ ವಿಷಯ ಎತ್ತುವುದೇ ಇಲ್ಲ. ಅಪ್ಪನ ಕೈಕೆಳಗೆ ಕೆಲಸಕ್ಕೆ ಸೇರಿ, ಅಕ್ಕನನ್ನು ಮದುವೆಯಾಗಿ, ಹದಿನೆಂಟು ವರ್ಷ ಇಲ್ಲೇ ಇದ್ದ ಮನುಷ್ಯನಿಗೆ ಇದ್ದಕ್ಕಿದ್ದಂತೆ ಬಾಯಿಗೆ ಬೀಗ ಬಿದ್ದಿದೆ ಎಂದರೆ ಒಳಗೆ ಏನೋ ಲೆಕ್ಕಾಚಾರ ನಡೆದಿದೆ.

ಕೆಲಸದ ಮಾತು. ಬೆಟ್ಟದ ಮೇಲಿನ ಆಸ್ಪತ್ರೆಯ ನರ್ಸಮ್ಮ ಕಾರು ತಂದರು. ಏರಿನಲ್ಲಿ ಎಳೆಯುವುದಿಲ್ಲ, ಎಂಜಿನ್ ದೀಪ ಹತ್ತಿದೆ. ನಾಕ್ ಸೆನ್ಸರ್ ಎಂದಿತು ಸ್ಕ್ಯಾನರ್. ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಎಂಜಿನ್ನಿನೊಳಗೆ ಟಿಣ್ ಟಿಣ್ ಎಂದು ಬಡಿತ ಬರುತ್ತದೆ. ಎಂಜಿನ್ನಿನ ಒಡಲಾದ ಬ್ಲಾಕಿಗೆ ಒತ್ತಿಕೊಂಡು ಆ ಬಡಿತಕ್ಕೆ ಕಿವಿಗೊಡುವ ಸಣ್ಣ ಬಿಲ್ಲೆ ಈ ಸೆನ್ಸರ್. ಅದು ಕೆಟ್ಟರೆ ಕಂಪ್ಯೂಟರು ಹೆದರಿಕೊಂಡು ಕಿಡಿಯನ್ನು ತಡ ಮಾಡುತ್ತದೆ, ಕಾರು ಏದುಸಿರು ಬಿಡುತ್ತದೆ. (ನಾಳೆ ಅಕ್ಕ ಓದಿದರೂ ಅರ್ಥವಾಗಲಿ ಎಂದು ಇಷ್ಟು ಬಿಡಿಸಿ ಬರೆದಿದ್ದೇನೆ.)

ಅದನ್ನು ತಲುಪಲು ಎಂಜಿನ್ನಿಗೆ ಗಾಳಿ ಹಂಚುವ ಮೇಲಿನ ಮ್ಯಾನಿಫೋಲ್ಡ್ ಪೂರ್ತಿ ಎತ್ತಬೇಕು, ಎರಡು ಗಂಟೆಯ ಕೆಲಸ. ಹಳೆಯ ಸೆನ್ಸರು ಬಿರುಕು ಬಿಟ್ಟಿತ್ತು. ಹೊಸದನ್ನು, ಅಡಿಗೆ ಅಪ್ಪನ ವಾಷರ್ ಇಟ್ಟು, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಹದವಾಗಿ ಬಿಗಿದೆ. ಬೋಲ್ಟಿನ ತಲೆಯಿಂದ ಸೆನ್ಸರಿನ ಮೇಲಕ್ಕೆ ಹಳದಿ ಪೇಂಟಿನ ಗೆರೆ ಎಳೆದೆ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ.

ವಾಷರುಗಳನ್ನು ಅಪ್ಪ ತಾಮ್ರದ ತಗಡಿನಲ್ಲಿ ಕೈಯಾರೆ ಕತ್ತರಿಸಿ, ಅಂಚನ್ನು ಅರದಲ್ಲಿ ಉಜ್ಜಿ ನಯ ಮಾಡಿ ಡಬ್ಬಿಯಲ್ಲಿ ಇಟ್ಟಿದ್ದರು. "ಬರೀ ಬೋಲ್ಟ್ ಹಾಕೋರು ನನ್ನ ಶೆಡ್ಡಲ್ಲಿ ಇರ್ಬೇಡಿ" ಅನ್ನುತ್ತಿದ್ದರು. ಇನ್ನು ಹೊಸದು ಬರುವುದಿಲ್ಲವಲ್ಲ, ಮುಖ್ಯ ಕೆಲಸಕ್ಕಷ್ಟೇ ತೆಗೆಯುತ್ತೇನೆ. ಇಪ್ಪತ್ತಮೂರು ಇದ್ದವು. ಒಂದು ತೆಗೆದೆ. ಇಪ್ಪತ್ತೆರಡು ಉಳಿದಿವೆ.

ನರ್ಸಮ್ಮ ಕಾಯುತ್ತಾ ಅಪ್ಪನ ಸ್ಟೂಲಿನ ಮೇಲೆ ಕೂರಲು ಹೋದರು. ಬೇರೆ ಕುರ್ಚಿ ಎಳೆದು ಕೊಟ್ಟೆ.

ಮಾರ್ಚ್ ೮, ಶನಿವಾರ

ನರ್ಸಮ್ಮ ವಾಪಸ್ ಬಂದಿದ್ದಾರೆ. ಅದೇ ದೀಪ, ಅದೇ ಏದುಸಿರು. "ಆಸ್ಪತ್ರೆ ಹತ್ರದ ತಿರುವಲ್ಲಿ ನಿಂತೇಬಿಡ್ತಮ್ಮ. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಹೊಡೆದು ನನ್ನ ಜೀವ ತಿಂದ" ಅಂದರು. ಅವರ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ. ಕಂಡಕಂಡ ಬಂಕಿನಲ್ಲಿ ಪೆಟ್ರೋಲು ಹಾಕಿಸುವ ಮುಖ.

ಸ್ಕ್ಯಾನರಿನಲ್ಲಿ ನೋಡಿದೆ. ಸೆನ್ಸರಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಹೊಸ ಸೆನ್ಸರು ಇಷ್ಟು ಬೇಗ ಕಿವುಡಾಗುವುದುಂಟೇ? ವೈರಿನಲ್ಲಿ ಏನೋ ಇದೆ.

ಭಾವ ಬಂದು ಬಾನೆಟ್ಟಿನೊಳಗೆ ಮೂಗು ತೂರಿಸಿದರು.

"ಏನ್ ಹೇಳುತ್ತೆ ಮೀಟರಮ್ಮ?" ಯಾವಾಗಲೂ ಕೈಯಲ್ಲಿ ಮೀಟರ್ ಹಿಡಿದಿರುತ್ತೇನೆಂದು ನನಗೆ ಅವರಿಟ್ಟ ಹೆಸರು. "ಆ ಸೆನ್ಸರು ಬ್ಲಾಕ್ ಮೇಲೆ ನೇರವಾಗಿ ಕೂತಿದೆ ತಾನೇ?"

"ನಾನು ಕೂರಿಸೋದು ನನಗೆ ಗೊತ್ತು ಭಾವ."

"ಸರಿಯಮ್ಮ" ಎಂದು ಹೋದರು. ಹೋಗುವಾಗ ಗೋಡೆಯ ಶೆಲ್ಫಿನ ಕಡೆ, ಅಪ್ಪನ ಡಬ್ಬಿಯ ಕಡೆ, ಒಂದು ಸಲ ನೋಡಿದರು. ಹದಿನೆಂಟು ವರ್ಷ ನನ್ನ ಕೆಲಸದಲ್ಲಿ ತಲೆ ಹಾಕದವರು ಈಗೇಕೆ ಹಾಕುತ್ತಿದ್ದಾರೆ?

ಮಾರ್ಚ್ ೧೦, ಸೋಮವಾರ

ವೈರಿನ ಉದ್ದಕ್ಕೂ ಮೀಟರ್ ಹಿಡಿದೆ. ಎಲ್ಲೂ ಕಡಿದಿಲ್ಲ. ಹೊರಕವಚದ ಜಾಲರಿಯ ಅರ್ತಿಂಗ್ ಸರಿಯಾಗಿದೆ. ಕನೆಕ್ಟರಿನ ಒಂದು ಪಿನ್ನು ಮಾತ್ರ ಸ್ವಲ್ಪ ಸಡಿಲ. ಅದೇ ಕಳ್ಳ ಇರಬಹುದು.

ಭಾವ ಮೂರು ಸಲ ಫೋನ್ ತೆಗೆದುಕೊಂಡು ಟೈರ್ ರಾಶಿಯ ಹಿಂದೆ ಹೋದರು. ನಾನು ಗ್ರೀಸ್ ಡಬ್ಬ ತರುವ ನೆಪದಲ್ಲಿ ಹತ್ತಿರ ಹೋದೆ. "ಅವಳಿಗೆ ಮಾತ್ರ ಹೇಳ್ಬೇಡಿ, ನಾನೇ ನೋಡ್ಕೋತೀನಿ" ಎನ್ನುತ್ತಿದ್ದವರು ನನ್ನನ್ನು ಕಂಡೊಡನೆ ಟೈರು ಎಣಿಸತೊಡಗಿದರು. ಹನ್ನೊಂದು ಹಳೇ ಟೈರು. ಯಾವ ಕಾಲಕ್ಕೆ ಎಣಿಸಬೇಕಾಗಿತ್ತು?

ಶೆಡ್ಡಿನ ಮಾಲೀಕರ ಜೊತೆಗೇ ಮಾತು. ಕರಾರು ತನ್ನೊಬ್ಬನ ಹೆಸರಿಗೆ. ಇಷ್ಟು ತಿಳಿಯದಷ್ಟು ಪೆದ್ದಿಯಲ್ಲ ನಾನು.

ಮಾರ್ಚ್ ೧೨, ಬುಧವಾರ

ಕನೆಕ್ಟರ್ ತರಲು ಊರಿನ ಆ ತುದಿಯ ಬಿಡಿಭಾಗದ ಅಂಗಡಿಗೆ ಹೋಗಿದ್ದೆ. ಯಜಮಾನರು ಮಾಮೂಲಿಗಿಂತ ಹೆಚ್ಚು ವಿನಯದಿಂದ ಮಾತಾಡಿದರು. ಕನ್ನಡಕ ಒರೆಸುತ್ತಾ, "ಸೆನ್ಸರ್ ಡಬ್ಬದಲ್ಲಿ ಚೀಟಿ ಇತ್ತಲ್ಲಮ್ಮ, ನೋಡಿದ್ರಾ?" ಅಂದರು. ಚೀಟಿ ನೋಡಿ ಕೆಲಸ ಕಲಿಯುವ ಕಾಲ ನನಗೆ ಮುಗಿದಿದೆ ಎಂದೆ.

ಬಂದಾಗ ಮೂರು ಗಂಟೆ. "ಕನೆಕ್ಟರ್ ಹಾಕೋಕ್ ಮುಂಚೆ ಒಂದ್ಸಲ ಓಡಿಸಿ ನೋಡು" ಅಂದರು ಭಾವ. ಓಡಿಸಿದೆ. ಏರಿನಲ್ಲಿ ಕಾರು ಬೆಣ್ಣೆಯಂತೆ ಹತ್ತಿತು. ದೀಪವಿಲ್ಲ.

ನಾಲ್ಕು ದಿನ ಹಟ ಹಿಡಿದ ಕಾರು ನಾನಿಲ್ಲದ ಐದು ಗಂಟೆಯಲ್ಲಿ ಗುಣವಾಯಿತು. ಹಲ್ಲಿನ ವೈದ್ಯರು ಬಳಸುವಂಥ ಸಣ್ಣ ಕನ್ನಡಿ ನನ್ನ ಹತ್ತಿರವಿದೆ. ಟಾರ್ಚಿನ ಜೊತೆ ಅದನ್ನು ಮ್ಯಾನಿಫೋಲ್ಡಿನ ಕೆಳಗೆ ತೂರಿಸಿದೆ. ಹಳದಿ ಗೆರೆ ಎರಡು ತುಂಡಾಗಿತ್ತು.

ಮಾರ್ಚ್ ೧೩, ಗುರುವಾರ

ಭಾವ ಊಟಕ್ಕೆ ಹೋದವರು ಸಂಜೆಗೇ ಬರುವುದೆಂದು ತಿಳಿದು ಎಲ್ಲ ಬಿಚ್ಚಿದೆ. ಸೆನ್ಸರು ಇದೆ, ಬೋಲ್ಟು ಇದೆ, ಅಪ್ಪನ ವಾಷರ್ ಇಲ್ಲ.

ಬೈದಿದ್ದರೆ ಸಹಿಸುತ್ತಿದ್ದೆ. ಆದರೆ ಅಪ್ಪ ಉಜ್ಜಿದ ವಾಷರನ್ನು ಕದ್ದು ತೆಗೆಯುವುದು! ಬೋಲ್ಟು ದಿನ ಕಳೆದಂತೆ ಸಡಿಲವಾಗಲಿ, ನರ್ಸಮ್ಮ ನಡುಬೆಟ್ಟದಲ್ಲಿ ನಿಲ್ಲಲಿ, ಮಾಡಿದ್ದು ಇವಳೇ ಎಂದು ಊರೆಲ್ಲ ಹೇಳಲಿ ಎಂಬ ಹಂಚಿಕೆ.

ಡಬ್ಬಿ ತೆಗೆದು ಎಣಿಸಿದೆ. ಇಪ್ಪತ್ತೆರಡು ಇರಬೇಕಿತ್ತು. ಇಪ್ಪತ್ತಮೂರು ಇವೆ. ಎರಡು ಸಲ ಎಣಿಸಿದೆ, ಬೆಂಚಿನ ಮೇಲೆ ಸಾಲಾಗಿ ಜೋಡಿಸಿ ಮೂರನೇ ಸಲವೂ ಎಣಿಸಿದೆ. ನಕಲಿ ಒಂದನ್ನು ಮಾಡಿ ಸೇರಿಸಿರಬೇಕು. ಒಂದೊಂದನ್ನೂ ಬೆಳಕಿಗೆ ಹಿಡಿದೆ. ಎಲ್ಲದರ ಅಂಚಿನಲ್ಲೂ ಅಪ್ಪನ ಅರದ ಗೀರು. ನಕಲಿಯಲ್ಲೂ ಎಂಥ ಕೈಚಳಕ!

ಒಂದು ತೆಗೆದು ಸೆನ್ಸರಿನ ಅಡಿಗಿಟ್ಟು ಬಿಗಿದೆ. ಹಳದಿ ಗೆರೆ ಎಳೆದೆ. ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಸರದ ಜೊತೆ ಕುತ್ತಿಗೆಗೆ ಹಾಕಿಕೊಂಡಿದ್ದೇನೆ. ಹಳೇ ಕೀಲಿ ಇನ್ನೊಂದು ಅಪ್ಪನ ಡ್ರಾಯರಿನಲ್ಲೇ ಇದೆ, ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ. ಸಂಜೆ ನರ್ಸಮ್ಮ ಕಾರು ಒಯ್ದರು.

ಮಾರ್ಚ್ ೧೫, ಶನಿವಾರ

ಅಕ್ಕ ಫೋನ್ ಮಾಡಿದಳು. "ಕೆಲಸ ಜಾಸ್ತಿ ಆಯ್ತಾ? ನಾಲ್ಕು ದಿನ ನಮ್ಮನೇಲಿ ಬಂದು ಇರು. ಅಪ್ಪ ಹೋದ್ಮೇಲೆ ನೀನು ಒಂದಿನವೂ ರಜ ಹಾಕಿಲ್ಲ."

ನಾನು ನಾಲ್ಕು ದಿನ ಇಲ್ಲದಿದ್ದರೆ ಯಾರಿಗೆ ಅನುಕೂಲ ಎಂದು ಕೇಳಿದೆ. ಅವಳು "ನಿನಗೇನಾಗಿದೆಯೇ?" ಅಂದಳು. ಅವಳೂ ಅದರಲ್ಲಿ ಸೇರಿದ್ದಾಳೆ.

ಮಾರ್ಚ್ ೧೭, ಸೋಮವಾರ

ಕಾರು ವಾಪಸ್. ದೀಪ. ಏದುಸಿರು. ನರ್ಸಮ್ಮ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಬುಧವಾರ ನಾನು ಫೋನ್ ಮಾಡ್ದಾಗ ನಿಮ್ಮ ಭಾವ ಸರಿಹೋಯ್ತು ಅಂದಿದ್ರಲ್ಲಮ್ಮ?" ಎಂದರು, ಅಷ್ಟೇ.

ಈಗ ಎಲ್ಲ ಕೂಡಿ ಬರುತ್ತಿದೆ. ಅವರು ಮುಟ್ಟಿದರೆ ಸರಿಹೋಗುತ್ತದೆ, ನಾನು ಮುಟ್ಟಿದರೆ ಕೆಡುತ್ತದೆ. ಎಂದರೆ ಕೆಡಿಸುವ ಕೀಲಿ ಅವರ ಕೈಯಲ್ಲೇ ಇದೆ. ಸರಿಯಾದಾಗ ಹೆಸರು ಅವರಿಗೆ, ಕೆಟ್ಟಾಗ ನನಗೆ. ಎಂಥ ನಾಜೂಕು.

ನಾಡಿದ್ದು ಬಲೆ ಬೀಸುತ್ತೇನೆ. ಮತ್ತೆ ಅಂಗಡಿಗೆ ಹೋಗುತ್ತೇನೆಂದು ಹೇಳಿ ಮೂಲೆಯ ಪಂಕ್ಚರ್ ಅಂಗಡಿಯ ಹಿಂದೆ ಕೂರುವುದು.

ಮಾರ್ಚ್ ೧೯, ಬುಧವಾರ

ಸಿಕ್ಕಿಬಿದ್ದ.

ಒಂದು ಗಂಟೆ ಬಿಟ್ಟು ಸದ್ದಿಲ್ಲದೆ ಹಿಂದಿನ ಬಾಗಿಲಿನಿಂದ ಬಂದೆ. ಮ್ಯಾನಿಫೋಲ್ಡು ಬೆಂಚಿನ ಮೇಲಿತ್ತು. ಆ ಮನುಷ್ಯ ಬಾನೆಟ್ಟಿನೊಳಗೆ ಬಗ್ಗಿದ್ದ. ಬೆರಳ ತುದಿಯಲ್ಲಿ ನಮ್ಮಪ್ಪನ ವಾಷರ್.

"ಏನ್ ಮಾಡ್ತಿದ್ದೀರಿ?"

ಬೆಚ್ಚಿ ತಿರುಗಿದ. "ಕೂತ್ಕೋ, ಹೇಳ್ತೀನಿ."

"ಹೇಳೋದು ಬೇಡ, ಕಣ್ಣಾರೆ ನೋಡಿದೀನಿ. ನನ್ನ ಕೆಲಸ ಕೆಡಿಸಿ, ನನ್ನನ್ನ ಆಚೆ ಹಾಕಿ, ಶೆಡ್ಡು ನುಂಗೋ ಯೋಚನೆ."

"ಏನಂತ ಮಾತಾಡ್ತಿದ್ದೀಯ ನೀನು?"

"ಅಪ್ಪ ನಿಮ್ಮನ್ನ ಮನೆಯೊಳಗೆ ಬಿಟ್ಕೊಂಡಿದ್ದೇ ತಪ್ಪು."

ಅವನು ಬಾನೆಟ್ಟಿನಿಂದ ಈಚೆ ಬಂದ. ವಾಷರನ್ನು ಬಟ್ಟೆಯಿಂದ ಒರೆಸಿ ನನ್ನ ಮೀಟರಿನ ಪಕ್ಕ ಇಟ್ಟ. ಕೈ ತೊಳೆದ, ಬೆರಳು ಬೆರಳೂ ಸೋಪು ಹಚ್ಚಿ, ದಿನ ಮುಗಿದಾಗ ತೊಳೆಯುವಂತೆ. ಶೆಡ್ಡಿನ ಕೀಲಿಯನ್ನು ಮೊಳೆಗೆ ನೇತುಹಾಕಿ ಹೊರಟುಹೋದ. ಹನ್ನೊಂದೂಕಾಲು ಗಂಟೆ.

ಗೆದ್ದೆ.

ಮಾರ್ಚ್ ೨೦, ಗುರುವಾರ

ಬರಲಿಲ್ಲ. ಒಳ್ಳೆಯದೇ ಆಯಿತು. ವಾಷರ್ ಇಟ್ಟು ಸೆನ್ಸರ್ ಬಿಗಿದು ಮ್ಯಾನಿಫೋಲ್ಡ್ ಕೂರಿಸಿದೆ. ಒಬ್ಬಳೇ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಓಡಿಸಿದೆ.

ದೀಪ ಹತ್ತಿತು.

ಮಾರ್ಚ್ ೨೧, ಶುಕ್ರವಾರ

ನಿದ್ದೆಯಿಲ್ಲ. ಶೆಡ್ಡಿನಲ್ಲಿ ನಾನೊಬ್ಬಳೇ, ಕೀಲಿಯೂ ನನ್ನ ಬಳಿ. ಕೆಡಿಸುವವರು ಯಾರೂ ಇಲ್ಲ. ಕಾರು ಮಾತ್ರ ಕೆಟ್ಟೇ ಇದೆ.

ಹೋಗುವ ಮುಂಚೆ ಸೆನ್ಸರನ್ನೇ ಬದಲಿಸಿ ಹಳೇದೊಂದನ್ನು ಇಟ್ಟಿರಬೇಕು. ಹಾಗೆಯೇ ಆಗಿರಬೇಕು, ಬೇರೆ ದಾರಿಯಿಲ್ಲ. ನಾಳೆ ಹೊಸದು ತರುತ್ತೇನೆ.

ಡಬ್ಬಿಯನ್ನು ಮತ್ತೆ ಎಣಿಸಿದೆ. ಇಪ್ಪತ್ತೆರಡು.

ಮಾರ್ಚ್ ೨೨, ಶನಿವಾರ

ಉದ್ದ ಬರೆಯಬೇಕಾಗಿದೆ. ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬಿಡಿಭಾಗದ ಅಂಗಡಿಗೆ ಹೋಗಿ ಇನ್ನೊಂದು ಸೆನ್ಸರ್ ಕೇಳಿದೆ. ಯಜಮಾನರು ಡಬ್ಬ ಕೊಡಲಿಲ್ಲ. ಕನ್ನಡಕ ತೆಗೆದು ಕೆಳಗಿಟ್ಟರು.

"ಅಲ್ಲಮ್ಮ, ವಾಷರ್ ವಿಷಯ ನಿಮ್ಮ ಭಾವ ಹೇಳಲಿಲ್ವಾ?"

"ಯಾವ ವಿಷಯ?"

"ಹೋದ ವಾರ ಸೋಮವಾರ ಮೂರು ಸಲ ಫೋನ್ ಮಾಡಿದ್ರು. ಈ ಸೆನ್ಸರ್ ಕೆಳಗೆ ತಾಮ್ರದ ವಾಷರ್ ಇಟ್ರೆ ಏನಾಗುತ್ತೆ ಅಂತ. ಸದ್ದೆಲ್ಲ ತಾಮ್ರವೇ ನುಂಗ್ಬಿಡುತ್ತೆ, ಬ್ಲಾಕಿಗೆ ಮೈ ತಾಗಿಸಿ ಕೂರಿಸ್ಬೇಕು, ನಡುವೆ ಏನೂ ಇರಬಾರದು ಅಂದೆ. ಅವಳಿಗೆ ಮಾತ್ರ ಹೇಳ್ಬೇಡಿ, ನಾನೇ ನೋಡ್ಕೋತೀನಿ ಅಂದ್ರು. ನಾನು ಹೇಳ್ಬಾರದಿತ್ತೇನೋ."

ಡಬ್ಬದೊಳಗಿನ ಚೀಟಿ ಬಿಡಿಸಿ ತೋರಿಸಿದರು. ಓದು ಬಾರದವರಿಗೂ ಅರ್ಥವಾಗುವ ಚಿತ್ರ. ಸೆನ್ಸರು, ಬ್ಲಾಕು, ನಡುವೆ ವಾಷರ್, ಅದರ ಮೇಲೆ ದಪ್ಪ ಅಡ್ಡಗೆರೆ.

ಬಂದು ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಮೊದಲ ದಿನವೇ ನನ್ನ ಅಕ್ಷರದಲ್ಲೇ ಇದೆ, "ಅಡಿಗೆ ಅಪ್ಪನ ವಾಷರ್ ಇಟ್ಟು". ಎಂಟನೇ ತಾರೀಖು ಭಾವ ಕೇಳಿದ್ದಾರೆ, ನೇರವಾಗಿ ಕೂತಿದೆಯೇ ಎಂದು. ಹನ್ನೆರಡನೇ ತಾರೀಖು ವಾಷರ್ ತೆಗೆದಿದ್ದಾರೆ, ಕಾರು ಗುಣವಾಗಿದೆ. ಹದಿಮೂರಕ್ಕೆ ಡಬ್ಬಿಯಲ್ಲಿ ಒಂದು ಹೆಚ್ಚಿಗೆ ಇದೆ. ನಕಲಿ ಎಂದು ಬರೆದಿದ್ದೇನೆ. ಅಪ್ಪ ಮಾಡಿದ್ದೆಂದು ಎಸೆಯಲಾರದೆ, ಒರೆಸಿ ಡಬ್ಬಿಗೆ ವಾಪಸ್ ಹಾಕಿದ್ದಾರೆ. ಅದನ್ನೇ ನಾನು ಮತ್ತೆ ತೆಗೆದು ಮತ್ತೆ ಅಡಿಗಿಟ್ಟು ಮತ್ತೆ ಕಾರು ಕೆಡಿಸಿದ್ದೇನೆ.

ಅವರ ವಿರುದ್ಧ ಸಾಕ್ಷಿಗೆಂದು ಇಟ್ಟ ಪುಸ್ತಕವಿದು. ನಾಚಿಕೆಯಾಗುತ್ತದೆ. ಹತ್ತೊಂಬತ್ತರ ಪುಟದಲ್ಲಿ ಭಾವನನ್ನು "ಅವನು" ಎಂದಿದ್ದೇನೆ. ತಿದ್ದಲು ಪೆನ್ನು ಎತ್ತಿದೆ, ತಿದ್ದಲಿಲ್ಲ. ಇರಲಿ.

ಮಧ್ಯಾಹ್ನ ವಾಷರ್ ತೆಗೆದೆ. ಬರೀ ಬ್ಲಾಕಿನ ಮೇಲೆ ಸೆನ್ಸರ್ ಕೂರಿಸಿ ಬಿಗಿಯುವಾಗ ಅಪ್ಪ ಹಿಂದೆ ನಿಂತು ಬೈಯುತ್ತಿರುವಂತೆ ಬೆನ್ನು ಬಿಸಿಯಾಯಿತು. ಸಣ್ಣ ಸುತ್ತಿಗೆಯಿಂದ ಪಕ್ಕದಲ್ಲಿ ಮೆಲ್ಲಗೆ ಬಡಿದೆ. ಮೀಟರಿನ ಅಂಕಿ ಥಟ್ಟನೆ ಎಗರಿತು. ಇಷ್ಟು ದಿನ ನಾನೇ ಅದರ ಕಿವಿಗೆ ಹತ್ತಿ ತುರುಕಿದ್ದೆ.

ಮಾರ್ಚ್ ೨೩, ಭಾನುವಾರ

ಅಕ್ಕನ ಮನೆಗೆ ಹೋದೆ. ಮೆಟ್ಟಿಲು ಹತ್ತುವಾಗ ವಾಪಸ್ ಹೋಗಲೇ ಎಂದು ಎರಡು ಸಲ ನಿಂತೆ. ಅಕ್ಕ ಬಾಗಿಲು ತೆಗೆದು ತನ್ನ ಬಟ್ಟೆ ಕತ್ತರಿಸುವ ಮೇಜಿಗೆ ಹೋದಳು. ಭಾವ ನೆಲದಲ್ಲಿ ಕೂತು ಅವಳ ಹೊಲಿಗೆ ಯಂತ್ರ ಬಿಚ್ಚಿದ್ದರು. ತಲೆ ಎತ್ತಲಿಲ್ಲ.

ವಾಷರನ್ನು ಅವರ ಮುಂದಿಟ್ಟೆ.

"ಗೊತ್ತಾಯ್ತಾ?" ಅಂದರು.

"ಗೊತ್ತಾಯ್ತು ಭಾವ. ತಪ್ಪು ನಂದೇ."

"ಹ್ಞೂಂ."

ಬಿಡು ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಸ್ಕ್ರೂ ಒಂದನ್ನು ಬಿಗಿದು ಮತ್ತೆ ಬಿಚ್ಚಿದರು.

"ಅವತ್ತು ಆಡಿದ ಮಾತು, ಅಪ್ಪ ನಿಮ್ಮನ್ನ..."

"ಅದನ್ನ ಮತ್ತೆ ಹೇಳ್ಬೇಡ. ಒಂದ್ಸಲ ಕೇಳಿದ್ದು ಸಾಕು."

ಅಳುವುದಕ್ಕಿಂತ ಜಗಳವಾಡುವುದು ನನಗೆ ಸುಲಭ. "ಮೊದಲ ದಿನವೇ ಯಾಕೆ ಹೇಳಲಿಲ್ಲ? ಕದ್ದು ಯಾಕೆ ತಿದ್ದಿದ್ರಿ? ನಾನೇನು ಮಗುನಾ?"

"ಕೇಳ್ದೆ. ನನಗೆ ಗೊತ್ತು ಅಂದೆ." ಈಗ ಮೊದಲ ಸಲ ನನ್ನ ಮುಖ ನೋಡಿದರು. "ಆ ಸ್ಟೂಲನ್ನೇ ಯಾರಿಗೂ ಮುಟ್ಟೋಕೆ ಬಿಡಲ್ಲ ನೀನು. ಮಾವನ ವಾಷರ್ ತಪ್ಪು ಅಂತ ಯಾವ ಬಾಯಲ್ಲಿ ಹೇಳ್ಲಿ? ಅವರ ಕಾಲದ ಎಂಜಿನ್ನಿಗೆ ಅದು ಸರಿ. ಇದಕ್ಕಲ್ಲ. ಇಷ್ಟು ಹೇಳೋಕೆ ಹತ್ತು ದಿನ ಬಾಯಿ ಬರಲಿಲ್ಲ, ಅದು ನನ್ನ ತಪ್ಪು."

"ಹೇಳಿದ್ರೆ ಎರಡು ದಿನ ಮುನಿಸ್ಕೋತಿದ್ದೆ, ಅಷ್ಟೇ."

"ಎರಡು ವಾರ" ಅಂದಳು ಅಕ್ಕ, ಕತ್ತರಿ ನಿಲ್ಲಿಸದೆ.

ಭಾವನ ಮೀಸೆ ಸ್ವಲ್ಪ ಅಲುಗಿತು. ಕರಾರಿನ ವಿಷಯ ಯಾಕೆ ಎತ್ತಲಿಲ್ಲ ಎಂದೂ ಕೇಳಿಬಿಟ್ಟೆ. "ನಿಮ್ಮಪ್ಪನ ಶೆಡ್ಡು. ನಾನೇ ಮೊದಲು ಬಾಯಿಬಿಟ್ರೆ ಆಸೆಬುರುಕ ಅನ್ಕೋತೀಯ ಅಂತ ಸುಮ್ಮನಿದ್ದೆ. ಸುಮ್ಮನಿದ್ರೂ ಅಂದೆ."

"ಮೂವತ್ತೊಂದಕ್ಕೆ ಸಹಿಗೆ ಬರ್ತೀರಾ?"

"ನೋಡೋಣ" ಅಂದರು. ಇಳಿದು ಬರುವಾಗ ಮೆಟ್ಟಿಲು ಹೆಚ್ಚಾಗಿದ್ದವು ಅನ್ನಿಸಿತು.

ಮಾರ್ಚ್ ೨೫, ಮಂಗಳವಾರ

ಬರಲಿಲ್ಲ. ಭಾವನ ಕೀಲಿಯನ್ನು ಶೆಟರಿನ ಹೊರಗಿನ ಮೊಳೆಗೆ ಹಾಕಿಟ್ಟಿದ್ದೇನೆ, ಬಂದರೆ ಬೇಕಲ್ಲ. ನರ್ಸಮ್ಮನಿಗೆ ಕಾರು ಕೊಟ್ಟೆ. ತಪ್ಪು ನನ್ನದಾಗಿತ್ತು ಎಂದು ಹೇಳಿದೆ. ಹೇಳಿದ ಮೇಲೆ ಭೂಮಿಯೇನೂ ಬಾಯಿಬಿಡಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಬೆಳಗ್ಗೆ ಬಂದಾಗ ಶೆಟರ್ ಅರ್ಧ ಎತ್ತಿತ್ತು. ಹೊರಗಿನ ಮೊಳೆಯ ಮೇಲೆ ಕೀಲಿಯಿಲ್ಲ. ಯಾರೋ ನುಗ್ಗಿದ್ದಾರೆಂದು ಸ್ಪ್ಯಾನರ್ ಹಿಡಿದುಕೊಂಡೇ ಒಳಗೆ ಹೋದೆ.

"ಅದು ಹದಿನೇಳರ ಸ್ಪ್ಯಾನರು. ನನ್ನ ತಲೆಗೆ ಇಪ್ಪತ್ತೆರಡರದ್ದು ಬೇಕಾಗುತ್ತೆ" ಅಂದರು ಭಾವ, ರಿಪೇರಿಗೆ ಬಂದ ಇನ್ನೊಂದು ಕಾರಿನ ಅಡಿಯಿಂದ. ನನಗೆ ಕಂಡದ್ದು ಅವರ ಕಾಲು ಮಾತ್ರ. ಅದೇ ಹಳೇ ಬೂಟು.

"ಇನ್ಮೇಲೆ ಅನುಮಾನ ಬಂದ್ರೆ ಬಾಯಿಬಿಟ್ಟು ಬೈದುಬಿಡು. ಬೈಸ್ಕೊಳ್ಳೋದು ನನಗೆ ಅಭ್ಯಾಸ, ನಿಮ್ಮಕ್ಕನ್ನ ಮದುವೆ ಆಗಿದೀನಿ."

"ನೀವೂ ಕದ್ದು ತಿದ್ದಬೇಡಿ."

"ಆಯ್ತು."

ಮಾರ್ಚ್ ೩೧, ಸೋಮವಾರ

ಶೆಡ್ಡಿನ ಮಾಲೀಕರು ಹತ್ತು ಗಂಟೆಗೆ ಕಾಗದ ತಂದರು. ನೀನು ಮೊದಲು, ನೀವು ಮೊದಲು ಎಂದು ಇಬ್ಬರೂ ಹಟ ಹಿಡಿದು ಅವರ ಅರ್ಧ ಗಂಟೆ ತಿಂದೆವು. ಕೊನೆಗೆ ನಾನೇ ಮೊದಲು ಸಹಿ ಹಾಕಿದೆ. ನರ್ಸಮ್ಮ ಆಯಿಲ್ ಬದಲಿಸಲು ಬಂದು, ಅಪ್ಪನ ಸ್ಟೂಲಿನ ಮೇಲೆ ಕೂತು, ಬೆಟ್ಟದ ತಿರುವಿನಲ್ಲಿ ಆ ಲಾರಿಯನ್ನು ಹಿಂದೆ ಹಾಕಿದ ಕಥೆ ಹೇಳುತ್ತಿದ್ದರು.

ಭಾವನಿಗೆ ಫೋನ್ ಬಂತು. ಟೈರ್ ರಾಶಿಯ ಹಿಂದೆ ಹೋದರು. ಯಾರು ಎಂದು ಇಲ್ಲಿಂದಲೇ ಕೂಗಿ ಕೇಳಿದೆ. "ನಿಮ್ಮಕ್ಕ" ಎಂದು ಅಲ್ಲಿಂದಲೇ ಕೂಗಿದರು. ಮುಕ್ಕಾಲು ಪಾಲು ನಂಬಿದೆ.

ಆಮೇಲೆ ಕಾರಿನಡಿಗೆ ತೂರಿ ಆಯಿಲ್ ಇಳಿಸಿದರು. "ಡ್ರೇನ್ ಬೋಲ್ಟಿಗೆ ಮಾವನದ್ದೊಂದು ಕೊಡಮ್ಮ. ಇದಕ್ಕೆ ವಾಷರ್ ಇಲ್ದೆ ಆಗಲ್ಲ" ಎಂದು ಕೈ ಚಾಚಿದರು.

ಕುತ್ತಿಗೆಯಿಂದ ಕೀಲಿ ತೆಗೆದು ಬೀಗ ಬಿಚ್ಚಿದೆ. ಡಬ್ಬಿಯನ್ನೇ ಅವರ ಕೈಗೆ ಕೊಟ್ಟೆ. ಒಳಗೆ ಬೆರಳಾಡಿಸುವ ಸದ್ದು, ಮುಚ್ಚಳ ಮುಚ್ಚಿದ ಸದ್ದು ಕೇಳಿಸಿತು. ಡಬ್ಬಿ ವಾಪಸ್ ಬಂತು. ಶೆಲ್ಫಿನಲ್ಲಿಟ್ಟೆ. ಎಷ್ಟು ಉಳಿದವು ಎಂದು ಎಣಿಸಲಿಲ್ಲ.